ಎರಡು ಕೋಟಿಯ ನೋಟು, ಒಂಬತ್ತು ಮಾವಿನಹಣ್ಣು

ನೋಟುಗಳ ಅಂಚು ಯಂತ್ರದ ಬಾಯಿಂದ ಎರಡು ಬೆರಳಗಲ ಹೊರಗೆ ಬಂದು ನಿಂತಿತ್ತು. ಮೇಲಿನ ನೋಟಿನಲ್ಲಿ ಎರಡರ ಪಕ್ಕ ಏಳು ಸೊನ್ನೆ. ಒಟ್ಟು ಹತ್ತು ನೋಟು, ಅಂದರೆ ಇಪ್ಪತ್ತು ಕೋಟಿ ನನ್ನ ಕಡೆಗೆ ನಾಲಿಗೆ ಚಾಚಿಕೊಂಡಿತ್ತು. ನನ್ನ ಬಲಗೈಯಲ್ಲಿ ಬ್ಯಾಂಕಿನ ಕಾರ್ಡು ಇತ್ತು. ಎಡಗೈ ಖಾಲಿ ಇತ್ತು. ಕೈಗಳ ಈ ವಿವರವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮುಳಬಾಗಿಲು

ನಾನು ರೇಷ್ಮೆಹುಳುಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಮದುವೆಮನೆಗಳಲ್ಲಿ ಇದನ್ನು ಹೇಳಿದರೆ ಎದುರಿಗಿದ್ದವರು ಒಂದು ಕ್ಷಣ ನನ್ನ ಸೀರೆ ನೋಡಿ, ಅದು ರೇಷ್ಮೆಯದಲ್ಲ ಎಂದು ಖಚಿತಮಾಡಿಕೊಂಡು, ಮಾತು ಬದಲಿಸುತ್ತಾರೆ. ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳಿವೆ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಅಲ್ಲಿ ಹಣ್ಣುಹುಳು ಅನ್ನುತ್ತಾರೆ. ಅದು ಸೊಪ್ಪು ತಿನ್ನುವುದನ್ನು ಬಿಡುತ್ತದೆ, ಸ್ವಲ್ಪ ಮೆತ್ತಗಾಗುತ್ತದೆ, ಮೈ ಹಳದಿಗೆ ತಿರುಗುತ್ತದೆ. ಆ ಮನೆಗಳ ಹೆಂಗಸರು ಮಬ್ಬುಗತ್ತಲ ಕೋಣೆಯಲ್ಲಿ, ಹರಟೆ ಹೊಡೆಯುತ್ತಾ, ಬೆರಳ ತುದಿಯಿಂದಲೇ ಹಣ್ಣುಹುಳುಗಳನ್ನು ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟೆಯಾದ ಚಂದ್ರಂಕಿಗೆ ಹಾಕುತ್ತಾರೆ. ಅವರಿಗೆ ಅದು ಹೇಗೆ ತಿಳಿಯುತ್ತದೆ ಎನ್ನುವುದು ನನ್ನ ಮೂರು ವರ್ಷದ ಕೆಲಸ. ಎರಡು ಸಾವಿರದ ಮೂರರಲ್ಲಿ ಟರ್ಕಿಯ ಬುರ್ಸಾ ಎಂಬ ಊರಿನಿಂದ, ಈ ವಿಷಯವನ್ನು ಬಂದು ಹೇಳಿ ಎಂಬ ಪತ್ರ ಬಂತು. ಬರೀ ಹೇಳಿದರೆ ಸಾಲದು, ಜೀವಂತ ಹುಳುಗಳ ತಟ್ಟೆ ಇಟ್ಟು ಮಾಡಿಯೂ ತೋರಿಸಬೇಕು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಮೊದಲ ಸರದಿಯೇ ನನ್ನದು.

ಅಪ್ಪ ಪತ್ರವನ್ನು ಎರಡು ಸಲ ಓದಿದರು. "ಅಕ್ಕ ಜೊತೇಲಿ ಬಂದ್ರೆ ಹೋಗು" ಅಂದರು.

ಅಪ್ಪನ ಅಕ್ಕ ಪದ್ದತ್ತೆ. ನಂಗಲಿಯ ಪ್ರೈಮರಿ ಶಾಲೆಯಲ್ಲಿ ಹೆಡ್‌ಮಿಸ್ಸಾಗಿದ್ದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಶ್ರೀನಿವಾಸಪುರದ ಹತ್ತಿರದ ಮಾವಿನ ತೋಪನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ಆಂಧ್ರದ ಗಡಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದರಿಂದ ಅವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು: ಕನ್ನಡ ಬಾರದವರಿಗೆ ತೆಲುಗು ಬರುತ್ತದೆ.

ನಾನು ಎಡಚಿ. ಮೊದಲು ಓದಿಸಿದ್ದು ಅತ್ತೆಯೇ. ಬರೆಯುವುದು, ಊಟ ಮಾಡುವುದು, ಕೊಡುವುದು, ತೆಗೆದುಕೊಳ್ಳುವುದು, ಈ ನಾಲ್ಕು ಇಲಾಖೆಗಳನ್ನು ಅವರು ಒಂದು ಮರದ ಸ್ಕೇಲಿನ ನೆರವಿನಿಂದ ನನ್ನ ಬಲಗೈಗೆ ವರ್ಗಾವಣೆ ಮಾಡಿದ್ದರು. ಮಿಕ್ಕಿದ್ದೆಲ್ಲ ಎಡಗೈಯಲ್ಲೇ ಉಳಿಯಿತು. ಹುಳು ಆರಿಸುವುದು ಕೂಡ.

"ಬರ್ತೀನಿ" ಅಂದರು ಅತ್ತೆ, "ಆದ್ರೆ ಒಂದು ಮಾತು. ಅಷ್ಟು ದೂರ ಹೋಗಿ, ನಾಲ್ಕು ಜನ ದೊಡ್ಡೋರ ಮುಂದೆ, ಆ ಎಡಗೈಯಲ್ಲಿ ಎತ್ತಿ ಕೊಡೋದು, ಇಸ್ಕೊಳೋದು ಮಾಡ್ಬೇಡ. ನಮ್ಮನೇಲಿ ಹೇಳಿಕೊಟ್ಟಿಲ್ಲ ಅಂದ್ಕೋತಾರೆ."

"ಹುಳು ಆರಿಸಿ ಅವರ ಕೈಗೇ ಕೊಡಬೇಕು ಅತ್ತೆ. ಅದೇ ಪ್ರಾತ್ಯಕ್ಷಿಕೆ."

"ಬಲಗೈಲಿ ಕೊಡು. ಅಭ್ಯಾಸ ಮಾಡ್ಕೋ."

ಅತ್ತೆಯ ಮನೆಯ ಹಿತ್ತಲಿನ ಹುಳುವಿನ ಕೋಣೆಯಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿದೆ. ನನ್ನ ಬಲಗೈ ಹತ್ತು ಹುಳು ಆರಿಸಿದರೆ ಮೂರು ಕಾಯಿ. ಮೂರು ವರ್ಷದ ಸಂಶೋಧನೆಗೆ ಅಷ್ಟು ಸಾಕು, ಮರ್ಯಾದೆ ಹೋಗುವುದಕ್ಕೆ. ಅದನ್ನು ಯಾರಿಗೂ ಹೇಳಲಿಲ್ಲ.

ಕೋಲಾರ

ಹಣದ ವಿಷಯದಲ್ಲಿ ತಪ್ಪು ನನ್ನದೇ. ಅತ್ತೆ ಡಾಲರುಗಳನ್ನು ರವಿಕೆಯ ಒಳಜೇಬಿಗೆ ಹೊಲಿದುಕೊಳ್ಳೋಣ ಅಂದಿದ್ದರು. ಅದು ಹಳೆಯ ಕಾಲದ ಪದ್ಧತಿ, ಈಗ ಕಾರ್ಡು ಹಾಕಿದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ಆ ದೇಶದ ದುಡ್ಡೇ ಬರುತ್ತದೆ ಎಂದು ನಾನು ವಿವರಿಸಿದ್ದೆ. ಸ್ವಲ್ಪ ಉದ್ದವಾಗಿಯೇ ವಿವರಿಸಿದ್ದೆ.

ನಂಬಿಕೆ ಬರಲೆಂದು ಕೋಲಾರಕ್ಕೆ ಕರೆದುಕೊಂಡು ಹೋಗಿ ಯಂತ್ರ ತೋರಿಸಿದೆ. ಆಗಿನ್ನೂ ಅದು ಹೊಸದು. ಗಾಜಿನ ಬಾಗಿಲು, ಒಳಗೆ ಏಸಿ, ಹೊರಗೆ ಬಂದೂಕು ಹಿಡಿದ ಕಾವಲುಗಾರ. ಬಾಗಿಲ ಬಳಿ ಏಳೆಂಟು ಜೊತೆ ಚಪ್ಪಲಿ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಅಷ್ಟು ತಣ್ಣಗಿರುವ, ಅಷ್ಟು ಹೊಳೆಯುವ, ಒಬ್ಬೊಬ್ಬರನ್ನೇ ಒಳಗೆ ಬಿಡುವ ಜಾಗವನ್ನು ನಮ್ಮ ಜನ ಇನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಆಯುಧಪೂಜೆಯ ಕುಂಕುಮ ಯಂತ್ರದ ಹಣೆಯ ಮೇಲೆ ಮೇ ತಿಂಗಳಲ್ಲೂ ಉಳಿದಿತ್ತು.

ಕಾವಲುಗಾರ ಅತ್ತೆಗೆ ಪಾಠ ಮಾಡಿದ. "ಅಮ್ಮಾ, ಅವ್ರು ನಂಬರ್ ಒತ್ತೋವಾಗ ನೀವು ಮುಖ ಆ ಕಡೆ ತಿರುಗಿಸ್ಕೊಬೇಕು. ಅದು ಗುಟ್ಟು. ಸ್ವಂತ ಗಂಡ ಆದ್ರೂ ನೋಡಂಗಿಲ್ಲ."

ಈ ನಿಯಮ ಅತ್ತೆಗೆ ಬಹಳ ಹಿಡಿಸಿತು. ನಾನು ನಂಬರ್ ಒತ್ತುವಾಗ ಅವರು ಪೂರ್ತಿ ಬೆನ್ನು ತಿರುಗಿಸಿ, ಸೆರಗು ಹೊದ್ದು, ರಸ್ತೆಯ ಕಡೆ ನೋಡುತ್ತಾ ನಿಂತರು. ನೋಟಿನ ಸದ್ದು ಕೇಳಿದ ಮೇಲೆಯೇ ತಿರುಗಿದ್ದು. ಕೋಲಾರದ ಯಂತ್ರ ಮೊದಲು ಹಣ ಕೊಡುತ್ತಿತ್ತು, ಕಾರ್ಡನ್ನು ಕೊನೆಗೆ. ನಾನು ಬಲಗೈಯಲ್ಲಿ ಹಣ ತೆಗೆದು ಅತ್ತೆಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡರು.

"ಸರಿ" ಅಂದರು. "ಕ್ಯಾಷಿಯರ್‌ಗಿಂತ ವಾಸಿ. ಕಾಫಿಗೆ ಎದ್ದು ಹೋಗಲ್ಲ."

ಹಾಗಾಗಿ ಕೈಯಲ್ಲಿ ಬರೀ ಐವತ್ತು ಡಾಲರು, ಪರ್ಸಿನಲ್ಲಿ ಕಾರ್ಡು, ಅತ್ತೆಯ ಚೀಲದಲ್ಲಿ ಬುರ್ಸಾದವರಿಗೆ ಕೊಡಲು ಹುಲ್ಲಿನಲ್ಲಿ ಸುತ್ತಿಟ್ಟ ಒಂಬತ್ತು ಬಾದಾಮಿ ಮಾವಿನಹಣ್ಣು, ಇಷ್ಟರೊಂದಿಗೆ ಹೊರಟೆವು.

ಇಸ್ತಾಂಬುಲ್, ದೋಣಿಗಟ್ಟೆಯ ಬಳಿ

ಆಗ ಟರ್ಕಿಯ ನೋಟುಗಳಿಂದ ಸೊನ್ನೆಗಳನ್ನು ಇನ್ನೂ ತೆಗೆದಿರಲಿಲ್ಲ. ಒಂದು ಟೀಗೆ ಐದು ಲಕ್ಷ. ಶೌಚಾಲಯಕ್ಕೂ ಐದು ಲಕ್ಷ. ಅತ್ತೆ ಮೊದಲ ದಿನ ಶೌಚಾಲಯದ ಬಾಗಿಲಲ್ಲಿ ನಿಂತು, "ಈ ದುಡ್ಡಲ್ಲಿ ಮಾಲೂರಲ್ಲಿ ಮೂವತ್ತು ನಲವತ್ತರ ಒಂದು ಸೈಟು ತಗೋಬಹುದಿತ್ತು" ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಎರಡನೆಯ ದಿನ ಅಭ್ಯಾಸವಾಯಿತು. "ಎರಡು ಲಕ್ಷ ಚಿಲ್ಲರೆ ಇದ್ಯೇನೇ?" ಎಂದು ಸಹಜವಾಗಿ ಕೇಳತೊಡಗಿದರು.

ಸಂಘಟಕರು ಕೊಡಿಸಿದ್ದ ಕೋಣೆಯಲ್ಲಿ ಎರಡು ರಾತ್ರಿ ಕಳೆದು ಭಾನುವಾರ ಮಧ್ಯಾಹ್ನ ಹೊರಬಿದ್ದೆವು. ಬುರ್ಸಾಗೆ ಹೋಗುವ ಬಸ್ಸು ನೀರಿನ ಆಚೆ ದಡದಿಂದ ಹೊರಡುತ್ತದೆ. ದೋಣಿಯದೂ ಬಸ್ಸಿನದೂ ಸೇರಿ ಇಬ್ಬರಿಗೆ ಎರಡೂವರೆ ಕೋಟಿ ಆಗುತ್ತದೆಂದು ಕೋಣೆಯವನು ಹೇಳಿದ್ದ. ಸಂಘಟಕಿ ಸೆವಿಮ್ ಎಂಬಾಕೆ ರಾತ್ರಿ ಎಂಟರವರೆಗೆ ಬುರ್ಸಾ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದಾಗಿ ಪತ್ರದಲ್ಲಿ ಬರೆದಿದ್ದರು. ನಮ್ಮ ಡಾಲರು ಮುಗಿದು ಹತ್ತು ಲಕ್ಷ ಉಳಿದಿತ್ತು. ಅಂದರೆ ಎರಡು ಟೀ.

ದೋಣಿಗಟ್ಟೆಯ ಎದುರು ಒಂದು ಬ್ಯಾಂಕು. ಬಾಗಿಲು ಮುಚ್ಚಿತ್ತು, ಯಂತ್ರ ಗೋಡೆಯಲ್ಲೇ ಇತ್ತು, ರಸ್ತೆಗೆ ಮುಖಮಾಡಿ, ಏಸಿಯಿಲ್ಲದೆ, ಬಾಗಿಲಿಲ್ಲದೆ. ಅತ್ತೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಬೇಡವೆಂದು ತೀರ್ಮಾನಿಸಿದರು.

"ಯಾವ್ಯಾವ ಭಾಷೆ ಕೇಳ್ತಿದೆ?"

"ಟರ್ಕಿ, ಇಂಗ್ಲಿಷು, ಜರ್ಮನ್."

"ತೆಲುಗು?"

"ಇಲ್ಲ ಅತ್ತೆ."

ನಂಬರ್ ಒತ್ತುವಾಗ ಅವರು ಬೆನ್ನು ತಿರುಗಿಸಿ ಸಮುದ್ರ ನೋಡಿದರು. ಯಂತ್ರ ಗುರುಗುಟ್ಟಿತು. ಈ ಊರಿನ ಯಂತ್ರ ಮೊದಲು ಕಾರ್ಡು ಕೊಟ್ಟಿತು. ನಾನು ಬಲಗೈಯಲ್ಲಿ ತೆಗೆದುಕೊಂಡೆ. ಆಮೇಲೆ ಹಣ ಕೊಟ್ಟಿತು. ನೋಟಿನ ಸದ್ದಿಗೆ ಅತ್ತೆ ತಿರುಗಿದರು. ಖಾಲಿಯಿದ್ದ ಕೈ ತಾನಾಗಿ ಮುಂದೆ ಹೋಯಿತು.

"ಎಡಗೈ."

ಅತ್ತೆ ಕೂಗಲಿಲ್ಲ. ಹೆಡ್‌ಮಿಸ್ಸುಗಳು ಕೂಗುವುದಿಲ್ಲ. ಆದರೆ ಆ ಒಂದು ಪದಕ್ಕೆ ನಾನು ಮತ್ತೆ ಏಳು ವರ್ಷದವಳಾದೆ. ಕೈ ಬೆನ್ನ ಹಿಂದೆ ಹೋಯಿತು.

"ಲಕ್ಷ್ಮಿ ಕಣೇ ಅದು. ಬಲಗೈಲಿ ತಗೋ."

ಬಲಗೈಯಲ್ಲಿ ಕಾರ್ಡಿತ್ತು. ಅದನ್ನು ಎಡಗೈಗೆ ದಾಟಿಸಲು ಹೋದೆ. ಎಡಗೈ ಬೆನ್ನ ಹಿಂದೆ ಇತ್ತು. ಕಾರ್ಡು ಕೆಳಗೆ ಬಿತ್ತು. ನಾನು ಬಗ್ಗಿದೆ, ಅತ್ತೆಯೂ ಬಗ್ಗಿದರು, ಇಬ್ಬರ ಹಣೆ ಒಂದಕ್ಕೊಂದು ತಾಗಿ ನನಗೆ ಕಣ್ಣು ಕತ್ತಲೆಗಟ್ಟಿತು. ಕಾರ್ಡಿಗೆ ಕಾಲು ತಾಗಿತೆಂದು ಅತ್ತೆ ಅದಕ್ಕೊಂದು ನಮಸ್ಕಾರ ಹಾಕಿದರು. ನಾವು ಎದ್ದು ನಿಂತಾಗ ಇಪ್ಪತ್ತು ಕೋಟಿ ನಿಧಾನವಾಗಿ, ಅವಮಾನವಾದ ಬೀಗರ ಹಾಗೆ, ಒಳಕ್ಕೆ ಹೋಗುತ್ತಿತ್ತು. ತಗಡಿನ ಬಾಗಿಲು ಮುಚ್ಚಿಕೊಂಡಿತು.

ಮತ್ತೆ ಕಾರ್ಡು ಹಾಕಿದೆ. ನಿಮ್ಮ ಇವತ್ತಿನ ಮಿತಿ ಮುಗಿಯಿತು ಎಂದು ಯಂತ್ರ ತಿಳಿಸಿತು. ಅದರ ಲೆಕ್ಕದಲ್ಲಿ ಹಣ ನನಗೆ ಕೊಟ್ಟಾಗಿತ್ತು.

(ಆ ಹಣ ನನ್ನ ಖಾತೆಗೆ ವಾಪಸ್ಸು ಬರಲು ಏಳು ವಾರ ಹಿಡಿಯಿತು. ಕೋಲಾರದ ಬ್ಯಾಂಕಿನಲ್ಲಿ ಒಂದು ಅರ್ಜಿ ತುಂಬಿಸಿದರು. ಹಣ ಪಡೆಯದಿರಲು ಕಾರಣ ಎಂಬಲ್ಲಿ ನಾನು ಏನೂ ಬರೆಯದೆ ಬಿಟ್ಟಿದ್ದೆ. "ಯಾಕಮ್ಮ, ದುಡ್ಡು ಹೊರಗೆ ಬಂದಿದೆ, ನೀವೂ ಎದುರಿಗೇ ಇದ್ದೀರಿ" ಎಂದು ಮ್ಯಾನೇಜರು ಕನ್ನಡಕ ತೆಗೆದು ಕೇಳಿದರು. ಕೌಟುಂಬಿಕ ಕಾರಣ ಎಂದು ಬರೆದೆ.)

ಅದೇ ಫುಟ್‌ಪಾತು, ಒಂದು ಗಂಟೆಯ ನಂತರ

ಬ್ಯಾಂಕಿನ ಕಾವಲುಗಾರ ಪಕ್ಕದ ಬಾಗಿಲಿನಿಂದ ಹೊರಗೆ ಬಂದ. ಐವತ್ತರ ಆಸುಪಾಸು, ದಪ್ಪ ಮೀಸೆ, ಬಲಗೈಯಲ್ಲಿ ಸೊಂಟ ಸಣ್ಣಗಿರುವ ಟೀ ಲೋಟ. ನಡೆದದ್ದನ್ನೆಲ್ಲ ಕಿಟಕಿಯಿಂದ ನೋಡಿದ್ದನೆಂದು ಕಾಣುತ್ತದೆ. ಹತ್ತು ಹದಿನೈದು ಇಂಗ್ಲಿಷ್ ಪದ ಗೊತ್ತಿದ್ದವು.

"ಮಿಷನ್ ತಿಂದಿದೆ" ಅಂದ. "ನಾಳೆ. ಒಂಬತ್ತು ಗಂಟೆ. ಮ್ಯಾನೇಜರ್."

ನಾಳೆ ಒಂಬತ್ತಕ್ಕೆ ಈ ಬ್ಯಾಂಕಿನಲ್ಲಿ ನಿಂತರೆ ಒಂಬತ್ತೂವರೆಗೆ ಬುರ್ಸಾದಲ್ಲಿ ನಿಲ್ಲಲಾಗುವುದಿಲ್ಲ. ನನಗೆ ಅಳು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಸಂಘಟಕರ ಕಚೇರಿಯ ನಂಬರಿಗೆ ಅವನ ಫೋನಿನಿಂದಲೇ ಮಾಡಿ ನೋಡಿದೆ. ಭಾನುವಾರ, ಯಾರೂ ಎತ್ತಲಿಲ್ಲ. ಅತ್ತೆ ವಾಪಸ್ಸು ಊರಿನ ಬಸ್ಸಿಗೆಂದು ಇಟ್ಟಿದ್ದ ನೂರು ರೂಪಾಯಿಯ ನೋಟುಗಳನ್ನು ಹಿಡಿದು ಪಕ್ಕದ ಹಣ ಬದಲಿಸುವ ಅಂಗಡಿಗೆ ಹೋದರು. ಅಂಗಡಿಯವನು ಒಂದು ನೋಟನ್ನು ಬೆಳಕಿಗೆ ಹಿಡಿದು, ಗಾಂಧೀಜಿಯನ್ನು ಗುರುತಿಸಿ, ಗೌರವದಿಂದ ತಲೆಬಾಗಿ, ವಾಪಸ್ಸು ಕೊಟ್ಟ.

"ರವಿಕೆಗೆ ಹೊಲ್ಕೊಂಡಿದ್ರೆ" ಅಂದರು ಅತ್ತೆ, ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಾ. ಇದು ಮೂರನೆಯ ಸಲ.

"ಎಡಗೈಲೇ ತಗೊಂಡಿದ್ರೆ" ಅಂದೆ ನಾನು. ಇದು ಮೊದಲನೆಯ ಸಲ. ಜೀವಮಾನದಲ್ಲೇ.

ಅತ್ತೆ ಕರ್ಚೀಫು ತೆಗೆಯಲು ಚೀಲ ಬಿಚ್ಚಿದರು. ಎರಡು ದಿನ ಹುಲ್ಲಿನೊಳಗೆ ಮಾಗಿದ್ದ ಬಾದಾಮಿ ಹಣ್ಣಿನ ವಾಸನೆ ಇಡೀ ಮೆಟ್ಟಿಲಿಗೆ ಹರಡಿತು. ಕಾವಲುಗಾರನ ಮೂಗು ಈ ಕಡೆ ತಿರುಗಿತು. ಅತ್ತೆ ಅದನ್ನು ಗಮನಿಸಿದರು. ಇಪ್ಪತ್ತು ವರ್ಷ ಮಾವಿನ ಮಂಡಿಯಲ್ಲಿ ನಿಂತು ತೋಪಿನ ಹಣ್ಣು ಮಾರಿದವರು.

"ಏಮಯ್ಯಾ, ರಾ ಇಕ್ಕಡ" ಎಂದು ತೆಲುಗಿನಲ್ಲಿ ಕರೆದರು. ಅವನು ಬಂದ.

ಒಂದು ಹಣ್ಣನ್ನು ಅವನ ಚಾಕುವಿನಿಂದಲೇ ಹೆಚ್ಚಿ ರುಚಿಗೆ ಕೊಟ್ಟರು. ಅವನು ಸಿಪ್ಪೆ ಸಮೇತ ಸೇಬಿನ ಹಾಗೆ ಕಚ್ಚಿದ. ಅತ್ತೆ ಹೋಳನ್ನು ಅವನ ಕೈಯಿಂದ ಕಿತ್ತುಕೊಂಡು, ಸಿಪ್ಪೆ ಹಿಡಿದು ಹಲ್ಲಿನಿಂದ ಎಳೆಯುವುದನ್ನು ಮಾಡಿ ತೋರಿಸಿ, ಇನ್ನೊಂದು ಹೋಳು ಕೊಟ್ಟರು. ಅವನು ಎಳೆದ. ಮೀಸೆಯಲ್ಲಿ ರಸ ಇಳಿಯಿತು. ಏನೋ ಅಂದ. ನನಗೆ ಅರ್ಥವಾಗಲಿಲ್ಲ, ಆದರೆ ದೇವರ ಹೆಸರು ಅದರಲ್ಲಿತ್ತು.

"ಅತ್ತೆ, ಏನು ಮಾಡ್ತಿದೀರಿ?"

"ವ್ಯಾಪಾರ."

"ಅವು ಸೆವಿಮ್ ಅವರಿಗೆ ಕೊಡೋ ಹಣ್ಣು."

"ನಾವೇ ಹೋಗದೆ ಹಣ್ಣು ಹೋಗುತ್ತೇನೇ?"

ಮುಂದಿನದನ್ನು ಬರೆಯಲು ನನಗೆ ಸಂಕೋಚ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳದೆ ಮುಗಿಸುವ ವ್ಯಾಪಾರ ನೋಡಿದ್ದೆ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ತೀರ್ಮಾನಿಸುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಭಾಷೆಯೂ ಬೇಕಿಲ್ಲ. ಅತ್ತೆ ಚೀಲದಿಂದ ಸ್ನಾನದ ಟವಲು ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿದರು. ಒಂದು ಹಣ್ಣು ತೋರಿಸಿದರು. ಟವಲಿನ ಕಡೆ ಕಣ್ಣು ಮಾಡಿದರು.

ಕಾವಲುಗಾರ ನನ್ನನ್ನು ನೋಡಿದ. ನಾನು ಸಮುದ್ರವನ್ನು ನೋಡಿದೆ. ನಮ್ಮ ಮನೆಯಲ್ಲಿ ಅಪ್ಪ ಕೂಡ ಅಕ್ಕನ ಕೈ ಹಿಡಿದದ್ದನ್ನು ನಾನು ಕಂಡಿಲ್ಲ. ಅವನು ಟೀ ಲೋಟವನ್ನು ಬಲಗೈಯಲ್ಲೇ ಇಟ್ಟುಕೊಂಡು, ಎಡಗೈಯನ್ನು ಟವಲಿನೊಳಗೆ ತೂರಿಸಿದ.

ಯಾವ ಕೈ ಎಂದು ಅತ್ತೆಗೆ ಗೊತ್ತಾಗಿರಲೇಬೇಕು. ಹೆಬ್ಬೆರಳು ಯಾವ ಕಡೆಗಿದೆ ಎಂದು ಕೈಗೆ ತಿಳಿಯುತ್ತದೆ. ಅವರ ಹುಬ್ಬು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು, ಅಷ್ಟೆ. ಆಮೇಲೆ ಟವಲು ಅಲುಗಾಡಿತು. ಅವನು ಒಂದು ಬೆರಳು, ಅಂದರೆ ಹತ್ತು ಲಕ್ಷ, ಹಿಡಿದನೆಂದು ಕಾಣುತ್ತದೆ, ಅತ್ತೆ ತಲೆ ಅಲ್ಲಾಡಿಸಿದರು. ಎರಡು ಹಿಡಿದ. ಅತ್ತೆ ಎದ್ದು ಹೋಗುವವರಂತೆ ಸೊಂಟ ಎತ್ತಿದರು. ಮೂರು. ಅತ್ತೆ ಕೂತರು.

"ಮೂವತ್ತು ಲಕ್ಷ" ಎಂದು ನನಗೆ ಹೇಳಿದರು. "ಒಂದು ಹಣ್ಣಿಗೆ. ನಮ್ಮ ದಲ್ಲಾಳಿ ಕೇಳಿದ್ರೆ ಮಂಡಿ ಮುಚ್ಚಿ ಸನ್ಯಾಸ ತಗೋತಾನೆ."

ಆಮೇಲೆ ಅದು ನಮ್ಮ ಕೈಮೀರಿತು. ಕಾವಲುಗಾರ ಟೀ ಅಂಗಡಿಯವನನ್ನು ಕರೆದ. ಟೀ ಅಂಗಡಿಯವನು ಟ್ಯಾಕ್ಸಿಯವರಿಬ್ಬರನ್ನು ಕರೆದ. ಬೂಟು ಪಾಲಿಶ್ ಮಾಡುವ ಮುದುಕ ಹಿತ್ತಾಳೆಯ ಪೆಟ್ಟಿಗೆ ಬಿಟ್ಟು ಬಂದ. ಬೆಲೆ ಎಲ್ಲರಿಗೂ ಗೊತ್ತಾಗಿಹೋಗಿತ್ತು, ಆದರೂ ಟವಲಿನೊಳಗೆ ಕೈ ಹಾಕದೆ ಯಾರೂ ಕೊಳ್ಳಲೊಪ್ಪಲಿಲ್ಲ. ಹಣ್ಣಿಗಿಂತ ಟವಲೇ ಅವರಿಗೆ ಹೆಚ್ಚು ರುಚಿಸಿತೇನೋ. ಅರ್ಧ ಗಂಟೆ ಅತ್ತೆ ಆ ಮೆಟ್ಟಿಲ ಮೇಲೆ ಇಸ್ತಾಂಬುಲಿನ ಗಂಡಸರ ಕೈ ಹಿಡಿದರು. ನಾನು ಹಣ್ಣು ಒರೆಸಿ ಕೊಡುತ್ತಿದ್ದೆ, ಬಲಗೈಯಲ್ಲಿ.

ಕೊನೆಗೆ ಒಂದು ಹಣ್ಣು ಉಳಿಯಿತು. ಅದರ ಒಂದು ಮಗ್ಗುಲು ಕಪ್ಪಾಗಿ ಮೆತ್ತಗಾಗಿತ್ತು. ಅದನ್ನು ಮಾರುವುದು ಬೇಡವೆಂದು ಅತ್ತೆ ಹುಲ್ಲಿನೊಳಕ್ಕೆ ಸರಿಸಿದರು. ಆದರೆ ನಮಗೆ ಇನ್ನೂ ಮೂವತ್ತು ಲಕ್ಷ ಬೇಕಿತ್ತು. ನಾವು ಟಿಕೆಟ್ಟಿನ ಹಣ ಎಣಿಸಿ ಮುಖ ಮುಖ ನೋಡಿಕೊಂಡದ್ದು ಕಾವಲುಗಾರನಿಗೆ ಕಂಡಿತು. ಅವನು ಬಗ್ಗಿ ಹುಲ್ಲಿನೊಳಗಿಂದ ಆ ಹಣ್ಣನ್ನು ಬಲಗೈಯಲ್ಲಿ ತೆಗೆದ. ಕೊಳೆತ ಮಗ್ಗುಲನ್ನು ನೋಡಿದ. ಅಂಗೈಯಿಂದ ಅದನ್ನು ಮುಚ್ಚಿ ಹಿಡಿದು, ಎಡಗೈಯಲ್ಲಿ ಪೂರ್ತಿ ಮೂವತ್ತು ಲಕ್ಷ ಚಾಚಿದ. ಟವಲು ಇರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ, ಬರೀ ಎಡಗೈ.

ಅತ್ತೆ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡರು.

"ಚಲ್ಲಗಾ ಉಂಡು ನಾಯನಾ" ಎಂದರು, ತಣ್ಣಗಿರು ಮಗನೇ ಎಂದು. ಅವನು ಎದೆಯ ಮೇಲೆ ಕೈಯಿಟ್ಟು ಟರ್ಕಿಯಲ್ಲಿ ಏನೋ ಉತ್ತರ ಕೊಟ್ಟ. ಕನ್ನಡ ಬಾರದವರಿಗೆ ತೆಲುಗು ಬರುತ್ತದೆ ಎಂಬ ನಂಬಿಕೆ ಅತ್ತೆಯಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಬಸ್ಸು

ಆಚೆ ದಡದಲ್ಲಿ ಬಸ್ಸು ಸಿಕ್ಕಿತು. ನಂಗಲಿ ಕಡೆಯ ಬಸ್ಸುಗಳಲ್ಲಿ ಬೆಳೆದವಳಿಗೆ ಅದು ಆಸ್ಪತ್ರೆಯ ಹಾಗೆ ಕಂಡಿತು. ಕೋಳಿಯಿಲ್ಲ, ಮೂಟೆಯಿಲ್ಲ, ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವವರಿಲ್ಲ. ಬೋ ಟೈ ಕಟ್ಟಿಕೊಂಡ ಕಂಡಕ್ಟರು. ಅವನ ಕೈಯಲ್ಲಿ ಒಂದು ಬಾಟಲಿ.

ಬಸ್ಸು ಹೊರಟ ಮೇಲೆ ಅವನು ಒಂದೊಂದು ಸೀಟಿನ ಬಳಿಯೂ ನಿಂತು, ಬಗ್ಗಿ, ಪ್ರಯಾಣಿಕರು ಚಾಚಿದ ಕೈಗೆ ಬಾಟಲಿಯಿಂದ ಏನನ್ನೋ ಸುರಿಯುತ್ತಾ ಬಂದ. ನಿಂಬೆಹಣ್ಣಿನ ವಾಸನೆ. ಮುಂದಿನ ಸೀಟಿನವರು ಅದನ್ನು ಎರಡೂ ಕೈಗೆ ಉಜ್ಜಿಕೊಂಡು ಕತ್ತಿಗೆ ಸವರಿಕೊಂಡದ್ದನ್ನು ನಾನು ನೋಡಿದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ತಿರುಗಿದಾಗ ಅವರಿಗೆ ಕಂಡದ್ದು ಇಷ್ಟು: ಬಗ್ಗಿ ನಿಂತ ಒಬ್ಬ ಗಂಭೀರ ಮನುಷ್ಯ, ಕೈಯಲ್ಲಿ ಪಾತ್ರೆ, ಸಾಲಾಗಿ ಚಾಚಿದ ಅಂಗೈಗಳು.

ಅವರು ಸೆರಗನ್ನು ಸರಿಮಾಡಿಕೊಂಡು, ಎಡಗೈ ಕೆಳಗಿಟ್ಟು ಬಲಗೈ ಬಟ್ಟಲು ಮಾಡಿ ಹಿಡಿದರು. ಅವನು ಸುರಿದ. ನಾನು ತಡೆಯಬಹುದಿತ್ತು. ಒಂದು ಕ್ಷಣ ಸಮಯವಿತ್ತು. ಆ ಒಂದು ಕ್ಷಣ ನಾನು ಮರದ ಸ್ಕೇಲಿನ ಬಗ್ಗೆ ಯೋಚಿಸುತ್ತಿದ್ದೆ.

ಅತ್ತೆ ತೀರ್ಥ ಕುಡಿದರು. ಮಿಕ್ಕಿದ್ದನ್ನು ತಲೆಗೆ ಸವರಿಕೊಂಡರು.

ಆಮೇಲೆ ಕೆಮ್ಮು. ಬಸ್ಸಿನವರೆಲ್ಲ ಎದ್ದು ನಿಂತರು. ಹಿಂದಿನ ಸೀಟಿನ ಹೆಂಗಸು ನೀರಿನ ಬಾಟಲಿ ಕೊಟ್ಟು ಬೆನ್ನು ನೀವಿದಳು. ಕಂಡಕ್ಟರು ಬಿಳಿಚಿಕೊಂಡು, ತನ್ನ ಗಂಟಲು ಮುಟ್ಟಿ ತೋರಿಸುತ್ತಾ, ಬಾಟಲಿಯ ಮೇಲಿನ ಚೀಟಿಯನ್ನು ನನಗೆ ಓದಿಸಲು ನೋಡಿದ.

"ಯಾವ ದೇವಸ್ಥಾನದ್ದೇ ಇದು" ಅಂದರು ಅತ್ತೆ, ಮಾತು ಬಂದ ಮೇಲೆ. "ಇಷ್ಟು ಖಾರ."

"ಸೆಂಟು ಅತ್ತೆ. ಕೈಗೆ ಹಚ್ಚಿಕೊಳ್ಳೋದು."

ಅವರು ನನ್ನ ಮುಖವನ್ನು ಸರಿಯಾಗಿ ನೋಡಿದರು. "ನಿಂಗೆ ಗೊತ್ತಿತ್ತು."

ಅವರ ತುಟಿಯ ಒಂದು ತುದಿ ಅಲುಗಾಡಿತು. ಆಮೇಲೆ ನನ್ನ ತುಟಿಯೂ. ಮುಂದಿನ ಹತ್ತು ನಿಮಿಷ ನಾವಿಬ್ಬರೂ ಸೀಟಿನ ಹಿಂಭಾಗಕ್ಕೆ ಹಣೆಯೊತ್ತಿ, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ತೀರ್ಥ ನೆತ್ತಿಗೇರಿದೆ ಎಂದು ಕಂಡಕ್ಟರು ಭಾವಿಸಿರಬೇಕು. ಇಳಿಯುವವರೆಗೂ ನಮ್ಮ ಸೀಟಿನ ಕಡೆ ಬಾಟಲಿ ತರಲಿಲ್ಲ.

ದಾರಿಯ ನಡುವೆ ಇನ್ನೊಮ್ಮೆ ನೀರು ಅಡ್ಡ ಬರುತ್ತದೆ; ಅಲ್ಲಿ ಇಡೀ ಬಸ್ಸನ್ನೇ ಒಂದು ಹಡಗಿಗೆ ಹತ್ತಿಸಿ ನೀರು ದಾಟಿಸುತ್ತಾರೆ. ಕಟಕಟೆಗೆ ಒರಗಿ ನಿಂತಿದ್ದಾಗ ಅತ್ತೆ ಹೇಳಿದರು:

"ನಾನು ಹೇಳಿದ್ದು ತಪ್ಪು ಅಂತ ಅಂದ್ಕೋಬೇಡ. ಆ ಮಿಷನ್ನು ಸ್ವಲ್ಪ ಕಾಯಬೇಕಿತ್ತು."

"ಹೌದು ಅತ್ತೆ."

"ಕೋಲಾರದ್ದು ಕಾಯುತ್ತೆ."

"ಹೌದು."

ಅತ್ತೆ ನೀರಿನ ಕಡೆಗೆ ನೋಡುತ್ತಲೇ ಕೇಳಿದರು: "ಬಲಗೈಲಿ ಎಷ್ಟು ಹುಳ ತಪ್ಪು ಹಿಡೀತೀಯ?"

ನಾನು ಯಾರಿಗೂ ಹೇಳಿರಲಿಲ್ಲ. ನಾನು ಅಭ್ಯಾಸ ಮಾಡಿದ ಹುಳುವಿನ ಕೋಣೆಯ ಕಿಟಕಿ ಅವರ ಅಡುಗೆಮನೆಗೆ ಎದುರಾಗಿದೆ ಎಂಬುದು ಆಗ ನೆನಪಾಯಿತು.

"ಹತ್ತಕ್ಕೆ ಮೂರು."

"ಎಡಗೈಲಿ?"

"ಒಂದೂ ಇಲ್ಲ."

ಹಡಗು ದಡ ಮುಟ್ಟಿತು. ಏಳೂ ಮುಕ್ಕಾಲಿಗೆ ಬುರ್ಸಾ ಬಸ್‌ಸ್ಟ್ಯಾಂಡಿನಲ್ಲಿ ಸೆವಿಮ್ ನಮ್ಮ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದರು. ಅತ್ತೆ ಅವರಿಗೆ ಕೈಮುಗಿದು, ಚೀಲ ಬಿಚ್ಚಿ, ಮಾವಿನ ವಾಸನೆಯ ಹುಲ್ಲನ್ನು ತೋರಿಸಿ, ನಡೆದದ್ದನ್ನು ತೆಲುಗಿನಲ್ಲಿ ವಿವರಿಸಿದರು.

ಬುರ್ಸಾ

ಬುರ್ಸಾ ಒಂದು ಕಾಲಕ್ಕೆ ರೇಷ್ಮೆಗೂಡಿನ ಊರು. ಹಳೆಯ ಗೂಡಿನ ಮಾರುಕಟ್ಟೆ ಇನ್ನೂ ಇದೆ, ಕಲ್ಲಿನ ಕಮಾನುಗಳ ನಡುವೆ ಮರಗಳು, ಮರಗಳ ಕೆಳಗೆ ಟೀ ಕುಡಿಯುವವರು. ಗೂಡು ಮಾತ್ರ ಇಲ್ಲ. ನಮ್ಮಲ್ಲಿ ಗೂಡಿನ ಮಾರುಕಟ್ಟೆ ಎಂದರೆ ಸತ್ತ ಹುಳುವಿನ ವಾಸನೆ ಮತ್ತು ಜಗಳ. ಇಲ್ಲಿ ಗುಲಾಬಿಯಿತ್ತು. ಅದನ್ನೆಲ್ಲ ಆಮೇಲೆ ನೋಡಿದ್ದು.

ಮಾರನೆಯ ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನ ಮಾಡಿದೆ. ಒಂಬತ್ತೂವರೆಗೆ ಸುಮಾರು ನಲವತ್ತು ಜನ ಕೂತಿದ್ದ ಸಭಾಂಗಣದಲ್ಲಿ ನಿಂತು, ಇಪ್ಪತ್ತು ನಿಮಿಷ ಓದಿದೆ. ನನ್ನ ಮುಂದೆ ಮೇಜಿನ ಮೇಲೆ ಅಗಲವಾದ ತಟ್ಟೆ, ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಇನ್ನೂರು ಮುನ್ನೂರು ಹುಳು. ಅತ್ತೆ ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾ​ಡಿದ ಸೀರೆಯುಟ್ಟು, ನೇರವಾಗಿ ಕೂತಿದ್ದರು, ಇನ್ಸ್‌ಪೆಕ್ಟರು ಶಾಲೆಗೆ ಬಂದಿರುವ ದಿನದ ಹಾಗೆ.

ಓದು ಮುಗಿಯಿತು. ಬಿಳಿಗೂದಲಿನ ಪ್ರೊಫೆಸರೊಬ್ಬರು ಎದ್ದು ಬಂದು ಮೇಜಿನ ಆಚೆ ನಿಂತರು. ಒಂದು ಹಣ್ಣುಹುಳು ಕೊಡಿ, ಮುಟ್ಟಿ ನೋಡುತ್ತೇನೆ ಎಂದು ಅಂಗೈ ಚಾಚಿದರು. ಹಿಂದೆ ಇನ್ನೂ ಆರೇಳು ಜನ ಸಾಲು ನಿಂತರು.

ನಾನು ತಟ್ಟೆಯನ್ನು ನೋಡಿದೆ. ಆಮೇಲೆ ಕೊನೆಯ ಸಾಲನ್ನು ನೋಡಿದೆ.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಕಣ್ಣು ಕೂಡಿತು. ಆಗ ಅವರು ಸೆರಗನ್ನು ಹೆಗಲ ತುಂಬ ಹೊದ್ದು, ಕುರ್ಚಿಯಲ್ಲಿ ಪೂರ್ತಿ ಪಕ್ಕಕ್ಕೆ ತಿರುಗಿ, ಬೆನ್ನು ನನ್ನ ಕಡೆಗೆ ಮಾಡಿ, ಕಿಟಕಿಯ ಹೊರಗೆ ನೋಡತೊಡಗಿದರು. ಹೊರಗೆ ಒಂದು ಗೋಡೆಯ ಹೊರತು ಏನೂ ಇರಲಿಲ್ಲ. ಯಂತ್ರದಲ್ಲಿ ನಾನು ನಂಬರ್ ಒತ್ತುವಾಗ ಅವರು ನಿಲ್ಲುತ್ತಿದ್ದದ್ದು ಹೀಗೆಯೇ.

ಎಡಗೈ ಚಾಚಿ ಸೊಪ್ಪಿನ ಮೇಲೆ ಆಡಿಸಿದೆ. ಒಂದು ಮೆತ್ತಗೆ ಸಿಕ್ಕಿತು. ಎತ್ತಿ, ಎಡಗೈಯಲ್ಲೇ, ಪ್ರೊಫೆಸರರ ಅಂಗೈಗೆ ಕೊಟ್ಟೆ.